ಒಂದೂಕಾಲು ಸುತ್ತು

ಕೆಳಗೆ ಬಚ್ಚಲಲ್ಲಿ ಕೋಳಿಪುಕ್ಕ ಕೀಳುವಷ್ಟು ಬಿಸಿ.
ಮೇಲೆ, ಬಂಗಲೆ ಹರಾಜಿನಲ್ಲಿ ತಂದ ರೇಡಿಯೇಟರ್
ಮಡಿಕೇರಿ ಡಿಸೆಂಬರಿನ ಕಲ್ಲು.
"ಕೆಳಗಿನವಳು ಎರಡೆರಡು ಸಲ ಮೀಯುತ್ತಾಳೆ," ಮಹಡಿಯಿಂದ ಬೋಜವ್ವ.
"ಮೇಲಿನವಳು ಕಿಟಕಿ ತೆರೆದು ಮಲಗುತ್ತಾಳೆ," ಮುದ್ದವ್ವ.
ನಡುಮೆಟ್ಟಿಲಲ್ಲಿ ನಾನು, ಸುಂಟಿಕೊಪ್ಪದ ಬೀರಾನ್,
ಸ್ಪ್ಯಾನರ್ ಹಿಡಿದು.

ಪೈಪು ಮುಟ್ಟಲು ಕೈಯ ಹಿಂಬದಿಯೇ ಬೇಕು;
ಅಂಗೈ ಜಡ್ಡುಗಟ್ಟಿದೆ, ಸುಳ್ಳು ಹೇಳುತ್ತದೆ.
ಬಾಯ್ಲರಿನಿಂದ ಕವಲಿನವರೆಗೆ ಸುಡುಸುಡು,
ಅಲ್ಲಿಂದ ಅಷ್ಟೂ ಸಲೀಸಾಗಿ ಟ್ಯಾಂಕಿಗೆ.
ನೀರು ಸೋಮಾರಿ. ಹತ್ತಿರದ ದಾರಿ ಇರುವಾಗ
ಯಾರು ಹತ್ತುತ್ತಾರೆ ಹದಿನೆಂಟು ಮೆಟ್ಟಿಲು?

ಮೊದಲು ಗಾಳಿ ಬಿಟ್ಟೆ. ರೇಡಿಯೇಟರ್
ಉಸ್ಸೆಂದಿತು, ಕೆಮ್ಮಿತು, ಕಾಫಿಬಣ್ಣದ ನೀರು ಉಗುಳಿತು
ಬೋಜವ್ವನ ಬಿಳಿ ಚಾದರದ ಮೇಲೆ. ಬೈಸಿಕೊಂಡೆ.
ಆಮೇಲೆ ಟ್ಯಾಂಕಿನ ವಾಲ್ವು ಬಿಗಿದೆ, ಎಣಿಸುತ್ತಾ.
ಸೀಮೆಸುಣ್ಣದಲ್ಲಿ ಗೋಡೆಗೆ ಬರೆದೆ:
ಒಂದೂಕಾಲು ಸುತ್ತು. ಯಾರೂ ಮುಟ್ಟಬಾರದು.

ಫೆಬ್ರವರಿಯಲ್ಲಿ ಬಾಕಿ ಕೇಳಲು ಹೋದರೆ
ಕಾಲು ಅಳಿಸಿ ಅರೆ, ಅರೆ ಅಳಿಸಿ ಮುಕ್ಕಾಲು,
ಮೇಲೊಂದು ಒದ್ದೆ ಹೆಬ್ಬೆಟ್ಟು.
ಇಬ್ಬರೂ ಅಡುಗೆಮನೆಯಲ್ಲಿ, ಒಂದೇ ಒಲೆಗೆ ಕಾಲೊಡ್ಡಿ
ಕಿತ್ತಳೆ ಸುಲಿಯುತ್ತಿದ್ದರು.
"ಈಗ ಸರಿಯಾಗಿದೆಯಾ?"
"ಇಲ್ಲ" ಅಂದರು,
ಒಟ್ಟಿಗೆ.