ಮೂರು ಗುಡ್ಡ, ಒಂದು ಹೂವು

ವಿಜಯಪುರದಾಗ ಇಂಡಿ ರೋಡಿನ ಮಗ್ಗಲಾ
ಲಾಡ್ಲೆಸಾಬನ ಟೈರಿನ ಅಂಗಡಿ.
ಮಾರ್ಗಶಿರದ ಮುಂಜಾನೆ. ಅಂವಾ ರಟ್ಟಿನ ಪೆಟಗಿ ಸುಟ್ಟು
ಕೈ ಕಾಸಿಕೊಳ್ಳಾಕತ್ತಿದ್ದ.

ನನ್ನ ಪಿಕಪ್ಪಿನ ಹಿಂದಿನ ಎರಡೂ ಗಾಲಿ
ಮುದುಕನ ಅಂಗಾಲಿನಂಗ ನುಣ್ಣಗ.
ಮೊನ್ನೆ ನಲವತ್ತು ಚೀಲ ನಿಂಬಿಹಣ್ಣು ಹೇರಿಕೊಂಡು
ಕಾಲುವೆ ಒಡೆದು ಹರಿದ ಎರಿಹೊಲದ ದಾರ್ಯಾಗ
ತಾಸೊತ್ತು ಸಿಕ್ಕೊಂಡೆ.
ಗಾಲಿ ತಿರುಗಿದ್ದೇ ತಿರುಗಿದ್ದು,
ಗಾಡಿ ನಿಂತಲ್ಲೇ.
ಕಡೀಕೆ ಟ್ರ್ಯಾಕ್ಟರಿನವಗ ಮುನ್ನೂರು ರೂಪಾಯಿ
ಮತ್ತ ಅವನ ಒಂದು ನಗಿ.

"ಹದಿನೇಳರ ಅಲಾಯ್ ಹಾಕಿಸು ಅಕ್ಕಾ,
ಅಗಲ ಟೈರು. ಹುಲಿ ನಿಂತಂಗ ನಿಲ್ಲತೈತಿ"
ಅಂದ ಅಂಗಡಿ ಹುಡುಗ ತೌಸಿಫ್.
ಸುಳ್ಳ್ಯಾಕ ಹೇಳಲಿ, ನನಗೂ ಆಸೆ ಇತ್ತು.
ಮಾರ್ಕೆಟ್ಟಿನಾಗ ಗಂಡಸರ ಗಾಡಿಗಳ ನಡುವ
ನಂದು ನಾಕು ಬೆರಳು ಎತ್ತರ ಕಾಣಲಿ ಅಂತ.

ಅಪ್ಪ ಹೂಂ ಅನಲಿಲ್ಲ, ಹೂಂಹೂಂ ಅನಲಿಲ್ಲ.
ಹಳೇ ಟೈರಿನ ರಾಶಿಗೆ ಕುಂಟಿಕೋತ ಹೋಗಿ
ಒಂದನ್ನ ಉರುಳಿಸಿಕೊಂಡು ಬಿಸಲಿಗೆ ತಂದ.
ಮುಂಬಯಿ ಬಂದರದ ಗುಜರಿ ಲಾಟಿನಾಗ ಬಂದದ್ದಂತ.
ಅದರ ಪಕ್ಕಡಿಮ್ಯಾಲ ಮೂರು ಕೋಡಿನ ಗುಡ್ಡ,
ಗುಡ್ಡದ ಹೊಟ್ಟ್ಯಾಗ ಆರು ಎಸಳಿನ ಒಂದು ಹೂವು.

"ಯಾವ ದೇವರ ಗುಡ್ಡ ಮಾರಾಯಾ ಇದು?
ಮೂರು ವರ್ಷಾತು, ಯಾರೂ ಒಯ್ಯವಲ್ಲರು."
"ಹೂವಲ್ಲ ಸಾಹೇಬ. ಬರ್ಫ."

ಅಷ್ಟ ಅಂದ.
ಲೇಹದಾಗ ಆರು ಚಳಿಗಾಲ ಫೌಜಿನ ಲಾರಿ ಹೊಡೆದವ,
ಎಡಗಾಲಿನ ಎರಡು ಬೆರಳು ಅಲ್ಲೇ ಬಿಟ್ಟು ಬಂದವ.
ಸಣ್ಣವರಿದ್ದಾಗ ನಾವು ಕೇಳಿದರ,
"ಕೈಗಡ ಕೊಟ್ಟೀನಿ, ವಸೂಲಿಗೆ ಹೋಗಬೇಕು" ಅಂತಿದ್ದ.

ಟೈರಿನ ತುಂಬ ಉಗುರು ಹೊಗುವಷ್ಟು ಸಣ್ಣ ಸೀಳು.
ಒಂದೊಂದನ್ನೂ ಬಿಡಿಸಿ ಬಿಡಿಸಿ ನೋಡಿದ,
ಅವ್ವ ನನ್ನ ತಲ್ಯಾಗ ಹೇನು ನೋಡತಿದ್ದಂಗ.
"ಥಂಡಿಗೆ ಬ್ಯಾರೆ ರಬ್ಬರ್ ಕಲ್ಲಾಗತಾವು.
ಇದು ಆಗಂಗಿಲ್ಲ, ಮೆತ್ತಗ ಇರತೈತಿ.
ನಮ್ಮ ಬ್ಯಾಸಗಿ ಡಾಂಬರಿನಮ್ಯಾಲ ಬಿಟ್ಟರ
ಎರಡು ತಿಂಗಳದಾಗ ಸವದು ಪುಡಿ."

"ಚಳಿಗೊಂದು, ಬಿಸಲಿಗೊಂದು!
ಗಾಡಿಗೆ ಎರಡು ಜೋಡು ಚಪ್ಪಲಿ!" ತೌಸಿಫ್ ಬಿದ್ದು ಬಿದ್ದು ನಕ್ಕ.
"ಅಲ್ಲೂ ನಗತಿದ್ದರು ತಮ್ಮಾ,
ಮೊದಲನೇ ತಿರುವಿನ ತನಕ."

ಪಂಕ್ಚರ್ ನೋಡೋ ತೊಟ್ಟಿ ಬಾಜೂಕ ಕೆಸರಿತ್ತು.
ಅಪ್ಪ ಕುಕ್ಕರುಗಾಲಿಲೆ ಕುಂತು ಅಂಗೈ ಚಾಚಿ ಇಟ್ಟ:
ಮ್ಯಾಲ ತೇಲಿ ಜಾರಿತು.
ಕೈ ಹೊರಳಿಸಿ ಅಂಚಿಲೆ ಒತ್ತಿದ:
ಕೊಯ್ಕೊಂತ ಇಳಿದು ಕೆಳಗ ಟಕ್ಕಂತ ನಿಂತಿತು.
"ಅಗಲ ಬ್ಯಾಡ. ಸಣ್ಣದು ತಳಾ ಹುಡುಕತೈತಿ."

"ಎರಿಗೆ ತಳಾ ಎಲ್ಲೈತಿ ಯಪ್ಪಾ? ಎರಡಾಳು ತೋಡಿದರೂ ಎರಿನ."
"ಅದು ಹೊಲ. ನೀ ಹೋಗೂದು ದಾರಿ.
ಮೂವತ್ತು ಬುಟ್ಟಿ ಗರಸು ನಾನ ಚೆಲ್ಲೀನಿ ಅಲ್ಲಿ,
ನೀ ಹುಟ್ಟಿದ್ದಿಲ್ಲ."

ಮುಂದ ಲೆಕ್ಕದ ಮಾತು.
ಹದಿನೇಳು ಹಾಕಿದರ ಬಂಪರಿಗೆ ತಿಕ್ಕತೈತಿ,
ಮೀಟರು ಸುಳ್ಳು ಹೇಳತೈತಿ,
ತುಂಬಿದ ಗಾಡಿ ಏರಿನಾಗ ಉಬ್ಬಸ ಬಿಡತೈತಿ.
ಲಾಡ್ಲೆಸಾಬ ಇದನ್ನ ಮೊದಲ ಯಾಕ ಹೇಳಲಿಲ್ಲೋ
ಅವನ ಗಲ್ಲಾಪೆಟಗಿಗೇ ಗೊತ್ತು.
ರಿಮ್ಮು ಹದಿನೈದು, ಅಗಲ ಕಂಪನಿ ಕೊಟ್ಟಷ್ಟ,
ದಪ್ಪ ಕಚ್ಚಿನ ಎಂಟು ಪದರದ್ದು, ಎರಡು.
ಆರುನೂರು ಕಡಿಮಿ ಮಾಡಿಸಿದೆ,
ಚಾದ ರೊಕ್ಕ ಅವನಿಂದನ ಕೊಡಿಸಿದೆ.
ಎತ್ತರದ ಆಸೆ ಮಾತ್ರ
ಇನ್ನೂ ಪೂರ್ತಿ ಹೋಗಿಲ್ಲ.

"ಇದಕೆಷ್ಟು?" ಅಪ್ಪ ಗುಡ್ಡದ ಟೈರು ಹಿಡಿದ ನಿಂತಿದ್ದ.
"ಒಯ್ರಿ, ಜಾಗಾ ಖಾಲಿ ಆದರ ಸಾಕು."
ಏನು ಮಾಡತಿ ಅಂತ ನಾ ಕೇಳಲಿಲ್ಲ.

ಸಂಜೀಕ ಅದೇ ಒಡ್ಡಿನ ಹಂತ್ಯಾಕ ಬಂದಾಗ
ನೀರು ಹಂಗ ಹರದಿತ್ತು.
ಹಿಂದ ಖಾಲಿ ಡಬ್ಬಿಯೊಳಗ
ಆ ಒಂಟಿ ಟೈರು ಅತ್ತಿತ್ತ ಧಡಲ್ ಧಡಲ್.
ನಾ ಎರಡನೇ ಗೇರಿಗೆ ಕೈ ಹಾಕೂಕಿಂತ ಮೊದಲ
ಮಗ್ಗಲಾ ಕುಂತ ಅಪ್ಪನ ಎಡಗಾಲು,
ಮೂರು ಬೆರಳಿನದು,
ಇಲ್ಲದ ಕ್ಲಚ್ಚನ್ನ
ಮೆಲ್ಲಕ ಒತ್ತಿತು.