ತವರ

ಕಪುಲಾದಿಂದ ನಿಕನೋರಾ ಚಿಕ್ಕಮ್ಮನನ್ನು ಬಸ್ಸಿನಲ್ಲಿ ಕರೆತಂದೆ,
ಮೊರೇಲಿಯಾದ ನಮ್ಮ ಪ್ರಯೋಗಾಲಯಕ್ಕೆ, ಒಂದು ಶನಿವಾರ.
ಮಡಿಲಲ್ಲಿ ಬಟ್ಟೆ ಸುತ್ತಿದ ಬೋಗುಣಿ:
ನಾಯಿಕೂದಲ ಕುಂಚದಲ್ಲಿ ಚುಕ್ಕೆಯಿಟ್ಟೇ ಬರೆದ ಮೀನು,
ಮೈತುಂಬ ಸೀಸದ ಮೆರುಗು.
ನಲವತ್ತು ವರ್ಷ ಆ ಪುಡಿಯನ್ನು ನೀರಲ್ಲಿ ಕಲಸಿ
ಮೊಣಕೈವರೆಗೆ ಅದ್ದಿದವಳು.
ಈಗ ಮಣಿಕಟ್ಟು ನಿಲ್ಲುವುದಿಲ್ಲ,
ಬಾಡಿದ ದಂಟಿನ ಹಾಗೆ ಜೋಲುತ್ತದೆ.
ನಕ್ಕರೆ ಒಸಡಿನಂಚಿಗೆ ಯಾರೋ ತೀಡಿದ ನೀಲಿ ಗೆರೆ.

'ಇಲ್ಲಿ ಸೀಸ ಇಲ್ಲ.' ಬಾಗಿಲಲ್ಲೇ ಹೇಳಿಬಿಟ್ಟೆ.
ತವರ, ಅಯೋಡಿನ್,
ನಡುನಡುವೆ ಜಿಡ್ಡಿನಂಥ ಅಣುಗಳು:
ರೊಟ್ಟಿ, ಬಟ್ಟೆ, ಮತ್ತೆ ರೊಟ್ಟಿ.
ಬೆಳಕು ಒಂದು ರೊಟ್ಟಿಯೊಳಗೆ ಸಿಕ್ಕಿಕೊಂಡರೆ
ಪಕ್ಕಕ್ಕೆ ಸರಿದೀತು, ಮೇಲಕ್ಕೆ ಹತ್ತಲಾರದು.

ಸಾರಜನಕದ ಪೆಟ್ಟಿಗೆಯೊಳಗೆ ಕೈ ತೂರಿಸಿ
ಗಾಜಿನ ಬಿಲ್ಲೆಗೆ ಒಂದು ತೊಟ್ಟು ಬಿಟ್ಟು ಗಿರ್ರನೆ ತಿರುಗಿಸಿದೆ.
'ತಿಗರಿ!' ಎಂದಳು. 'ಈ ಪಾಟಿ ತಿರುಗಿದರೆ ಹಾರಿಹೋಗುತ್ತಲ್ಲೇ.'
ಹಾರಲಿ. ಹಾರದೆ ಉಳಿದದ್ದಷ್ಟೇ ನನ್ನ ಪಾಲು.
ನೂರು ಡಿಗ್ರಿಯಲ್ಲಿ ಕಾಯಿಸಿ, ದೀಪವಾರಿಸಿ, ನೇರಳೆ ಟಾರ್ಚು ಹಿಡಿದೆ.
ದಾಳಿಂಬೆ ಬಿಚ್ಚಿದ ಹಾಗೆ ಕೆಂಪು.
ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:
'ಮೆರುಗೇನೋ ಸೈ. ಇದರಲ್ಲಿ ಕಾಳು ಬೇಯುತ್ತಾ?'

ಹೇಳಲಿಲ್ಲ ನಾನು: ಹೊರಗೆ ತೆಗೆದರೆ ಹನ್ನೊಂದು ನಿಮಿಷ.
ಗಾಳಿ ಸೋಕಿದ್ದೇ ತಡ, ತವರ ಕೈಬಿಡುತ್ತದೆ
ಇನ್ನೆರಡು ಎಲೆಕ್ಟ್ರಾನು; ಕೆಂಪು ಕರಗಿ ಪೇಲವ ಹಳದಿ.
ಪಕ್ಕದ ಮೇಜಿನ ಎಫ್ರಾಯಿನ್ ಮಾಡಿದ ಸೀಸದ ಫಿಲ್ಮು
ಕಳೆದ ಚಳಿಗಾಲದ್ದು, ಇನ್ನೂ ಹೊಳೆಯುತ್ತಿದೆ.
ಪ್ರತಿ ಸೆಮಿನಾರಿನಲ್ಲೂ ಯಾರೋ ಒಬ್ಬರು:
ಸೀಸವೇ ವಾಸಿಯಲ್ಲವೇ?
ವಾಸಿ. ಊರಲ್ಲೂ ಎಲ್ಲರೂ ಇದನ್ನೇ ಅಂದದ್ದು.

ಪೆಟ್ಟಿಗೆಯ ಕರಿ ಕೈಗವಸು, ಯಾರೂ ತೊಡದಾಗ,
ಒಳಗಿನ ಒತ್ತಡಕ್ಕೆ ಹೊರಗೆ ಚಾಚಿ ನಿಲ್ಲುತ್ತದೆ,
ಏನನ್ನೋ ಕೇಳುವ ಕೈ.
ಚಿಕ್ಕಮ್ಮ ಅದರೊಳಕ್ಕೆ ತನ್ನ ಬಲಗೈ ತೂರಿಸಿದಳು.
ರಬ್ಬರು ನಾಲ್ಕೂ ಕಡೆಯಿಂದ ಒತ್ತಿ ಹಿಡಿದು
ಮಣಿಕಟ್ಟು ನೆಟ್ಟಗೆ ನಿಂತಿತು.
ಬಿಲ್ಲೆಯ ಅಂಚಿಗೆ ಬೆರಳಿಟ್ಟು ಒಂದು ನೂಲು ಸರಿಸಿ
'ಈ ಮೂಲೆಗೆ ಉರಿ ಸಾಲದು' ಎಂದಳು.
ನಿಜ. ಮೂರು ತಿಂಗಳಿಂದ ಅಲ್ಲೊಂದು ಮಸುಕು;
ನಾನು ದ್ರಾವಣವನ್ನು ಬೈಯುತ್ತಿದ್ದೆ.

ಕೈ ಹೊರಗೆಳೆದಾಗ ಮತ್ತೆ ಜೋತುಬಿತ್ತು.
ಅವಳ ಹಿಂದೆಯೇ ಹೊರಬಂದ ಕೈಗವಸು
ಚಾಚಿಕೊಂಡೇ ಇತ್ತು.

ಬೋಗುಣಿ ಬಿಟ್ಟುಹೋಗಿದ್ದಾಳೆ.
ಅದರಲ್ಲಿ ಪೆನ್ನು, ಇಕ್ಕಳ, ಬಸ್ಸಿನ ಚಿಲ್ಲರೆ.
ನಿಂಬೆ ಮಾತ್ರ ಇಡುವುದಿಲ್ಲ.