ಎರಡೂ ಎಡಗೈ

ಬ್ಯಾಲರಾಟಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ
ಎಂಟು ಡಾಲರಿಗೆ ಸಿಕ್ಕಿತು ನೇರಳೆ ತುಪ್ಪಳದ ಕೋಟು.
ಯಾರು ತೊಟ್ಟಿದ್ದರೋ, ಯಾವ ಕುಣಿತಕ್ಕೋ.
ಜೇಬಿನಲ್ಲಿ ಮಡಿಸಿದ ಚೀಟಿ: ಮೊಟ್ಟೆ, ಬ್ಯಾಟರಿ, ಮಾಯ್ರಾಳ ಮಾತ್ರೆ.
ಬಿಸಾಡಲು ಮನಸ್ಸಾಗದೆ ಫ್ರಿಜ್ಜಿಗೆ ಅಂಟಿಸಿದೆ.
ಮಾಯ್ರಾ ಗುಣವಾಗಿರಲಿ.

ತುಪ್ಪಳವನ್ನು ಕತ್ತರಿಯಲ್ಲಿ ಕತ್ತರಿಸಬಾರದು.
ಒಂದು ತೋಳು ಬೋಳಾದ ಮೇಲೆ ತಿಳಿಯಿತು.
ಮಗುಚಿ ಹಾಕಿ, ಬೆನ್ನಿನ ಬಟ್ಟೆಯನ್ನಷ್ಟೇ
ಬ್ಲೇಡಿನ ತುದಿಯಲ್ಲಿ ಸೀಳಬೇಕು,
ಮಲಗಿದ ಬೆಕ್ಕಿಗೆ ಗೊತ್ತಾಗದ ಹಾಗೆ.
ಆದರೂ ಹಾರುತ್ತದೆ.
ಸಾರಿನಲ್ಲಿ ನೇರಳೆ, ಹಲ್ಲುಜ್ಜುವ ಬ್ರಷ್ಷಿನಲ್ಲಿ ನೇರಳೆ,
ರಾತ್ರಿಪಾಳಿ ಮುಗಿಸಿ ಬಂದವನ ಹುಬ್ಬಿನಲ್ಲಿ.

ಚಿತ್ರ ಬರೆದವಳು ಬ್ರೈಡಿ. ಹತ್ತು ವರ್ಷ. ಅವಳಪ್ಪನ ಮಗಳು.
ನನ್ನ ಮಗಳು ಅನ್ನಲು ಹೊರಟ ನಾಲಿಗೆ
ಇನ್ನೂ ಬಾಗಿಲಾಚೆ ಚಪ್ಪಲಿ ಬಿಡುತ್ತಲೇ ಇದೆ.
ಭಾಗೀರಥಿ ಅವಳ ಬಾಯಿಗೆ ಉದ್ದ;
ನಾನು ಬೇಕಾದಾಗ ಕೆಮ್ಮುತ್ತಾಳೆ.
ಚಿತ್ರದಡಿ ಮೂರು ಗೆರೆ ಎಳೆದು ಬರೆದಿದ್ದಳು:
ಕೈಗಳು ಕೆಲಸ ಮಾಡಬೇಕು.
ಕಡ್ಡಿ ಕಟ್ಟಿದ ಕೈ ಬೇಡ, ಜೋತುಬಿದ್ದ ಕೈ ಬೇಡ,
ಚಮಚ ಹಿಡಿಯಬೇಕು, ಮೂಗು ಕೆರೆದುಕೊಳ್ಳಬೇಕು.

ಹಳೆ ದಿಂಬಿನ ಫೋಮಿನಿಂದ ತಲೆಬುರುಡೆ,
ಸಿರಿಯಲ್ ಡಬ್ಬಿಯ ರಟ್ಟಿನ ದವಡೆ.
ಟೇಬಲ್ ಟೆನಿಸ್ ಚೆಂಡನ್ನು ಹೋಳು ಮಾಡಿ ಕಣ್ಣು,
ಒಂದಿಷ್ಟು ಮೆಳ್ಳೆಗಣ್ಣು.
ಮೆಳ್ಳೆಯಿಲ್ಲದಿದ್ದರೆ ಗುಮ್ಮ ಯಾರನ್ನೂ ನೋಡುವುದಿಲ್ಲ,
ಗೋಡೆ ನೋಡುತ್ತಾನೆ.

ಕೈ ಹೊಲಿದದ್ದು ಜುಲೈ ತಿಂಗಳ ಚಳಿಯ ರಾತ್ರಿ.
ಹೀಟರು ಟಿಕ್ ಟಿಕ್ ಅಂತ ತನ್ನಷ್ಟಕ್ಕೇ ಎಣಿಸುತ್ತಿತ್ತು.
ಅಳತೆಗೆ ನನ್ನ ಬಲಗೈಯನ್ನೇ ಹಾಳೆಯ ಮೇಲಿಟ್ಟು ಗೆರೆ ಎಳೆದೆ,
ಗುಮ್ಮನಿಗೆ ಮೂರೇ ಬೆರಳು, ಕಿರುಬೆರಳು ಬಿಟ್ಟೆ.
ಮುಂಗೈಗೆ ತುಪ್ಪಳ, ಅಂಗೈಗೆ ಹಳದಿ ಟವೆಲ್ಲು.
ಸೌಟಿನ ಹಿಡಿಯಿಂದ ಬೆರಳುಗಳನ್ನು ಒಳಹೊರಗು ಮಾಡಿ
ಹೊಲಿಗೆಯಲ್ಲಿ ಸಿಕ್ಕ ಕೂದಲನ್ನು ಸೂಜಿಮೊನೆಯಲ್ಲಿ
ಒಂದೊಂದಾಗಿ ಬಿಡಿಸಿ,
ಎರಡನ್ನೂ ಮೇಜಿನ ಮೇಲೆ ಜೋಡಿಸಿ ನೋಡಿದೆ.

ಎರಡೂ ಎಡಗೈ.
ಹಾಳೆ ಮಗುಚುವುದನ್ನು ಮರೆತಿದ್ದೆ.

ಈ ಮನೆಗೆ ಬಂದ ಮೊದಲ ವಾರ
ಅವಳು ಚಕ್ಕುಲಿಗೆ ಎಡಗೈ ಚಾಚಿದ್ದಳು.
ತಟ್ಟೆ ಹಿಂದಕ್ಕೆಳೆದು ಅಂದಿದ್ದೆ: ಬಲಗೈ.
ನನ್ನಮ್ಮನ ದನಿ ಅದು; ನನಗಿಂತ ಮೊದಲೇ ವಿಮಾನ ಇಳಿದು
ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿತ್ತು.
ಹುಡುಗಿ ಬರೆಯುವುದು ಎಡಗೈ, ಚೆಂಡೆಸೆಯುವುದು ಎಡಗೈ,
ಕಣ್ಣೊರೆಸಿಕೊಂಡದ್ದೂ.
ಆಮೇಲೆ ಶುರುವಾಯಿತು ಕೆಮ್ಮು.

ಬೆಳಿಗ್ಗೆ ಒಂದು ಕೈಯ ಹೊಲಿಗೆ ಬಿಚ್ಚುತ್ತಿದ್ದೆ.
ಕಾಲುಚೀಲದಲ್ಲಿ ಸದ್ದಿಲ್ಲದೆ ಬಂದು ನಿಂತವಳು
ಇನ್ನೊಂದಕ್ಕೆ ತನ್ನ ಕೈ ತೂರಿಸಿ, ಬೆರಳಾಡಿಸಿ ನೋಡಿ,
ಬಿಚ್ಚಬೇಡ ಅಂದಳು.
ಅವನು ಇರೋದೇ ಹಾಗೆ.

ಕೆಲಸದ ಕೈಯಿರುವ ಗುಮ್ಮನನ್ನು ಒಬ್ಬರೇ ಆಡಿಸಲಾಗುವುದಿಲ್ಲ.
ತಲೆ ಅವಳದು, ಒಂದು ಕೈ ಅವಳದು,
ಉಳಿದ ಕೈಗೆ ನಾನು: ಬೆನ್ನ ಹಿಂದೆ ಮುದುಡಿ,
ಮೂಗಿನ ತುಂಬ ತುಪ್ಪಳ, ಕಣ್ಣಿಗೆ ಏನೂ ಕಾಣದು.
ಅವಳ ಮೊಣಕೈ ನನ್ನ ಪಕ್ಕೆಲುಬಿಗೆ ಚುಚ್ಚುತ್ತಿತ್ತು.
ಎತ್ತು. ಇನ್ನೂ ಎತ್ತು. ಅಯ್ಯೋ, ಅದು ಕಿವಿ!
ಬಲಗೈಗೆ ಎಡಗೈಯ ಚೀಲ ತೊಟ್ಟರೆ
ಅಂಗೈಯೇ ಮುಂಗೈ; ಚಮಚ ಜಾರಿ ಅವಲಕ್ಕಿ ನೆಲದ ಪಾಲು.
ನಗು ಬಂತು. ಯಾರದೆಂದು ಗೊತ್ತಾಗಲಿಲ್ಲ,
ತುಪ್ಪಳದ ಆಚೆಯಿಂದಲೋ ಈಚೆಯಿಂದಲೋ.

ಗುಮ್ಮ ಕತ್ತು ತಿರುಗಿಸಿದ, ರಟ್ಟಿನ ದವಡೆ ತೆರೆದ,
ಹೊಟ್ಟೆಯಾಳದಿಂದ ದಪ್ಪ ದನಿ ತೆಗೆದು ಕೇಳಿದ:
ನಿನ್ನ ಹೆಸರೇನು?
ಹೇಳಿದೆ, ಪೂರ್ತಿ.
ಬಾ, ಅಂದ. ಬಾಗಿ, ಅಂದ. ಅಲ್ಲಿಗೆ ಸಾಕಾಗಿ
ಹಸಿವು, ಅಂದ.

ಚಕ್ಕುಲಿ ಡಬ್ಬಿ ಕೈಗೆಟುಕುವಲ್ಲೇ ಇತ್ತು.
ನನ್ನ ಬಲಗೈ ಗುಮ್ಮನೊಳಗಿತ್ತು.
ಎಡಗೈಯಲ್ಲೇ ಕೊಟ್ಟೆ.
ತಗೊಂಡ.
ಚಕ್ಕುಲಿಗೂ ನೇರಳೆ ಕೂದಲು.